ಲಿನಕ್ಸ್‌ನಲ್ಲಿ ವೈಫೈ ಕಾಣುತ್ತಿಲ್ಲವೇ? ಹೊಸ ಕಾರ್ಡ್ ಕೊಳ್ಳುವ ಮುನ್ನ ಇದನ್ನು ಓದಿ

ಹೈದರಾಬಾದ್: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲಾಗದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಉಳಿದಿರುವ ಅಗ್ಗದ ದಾರಿ ಲಿನಕ್ಸ್. ಡೆಬಿಯನ್ ಆಧರಿಸಿ ತೆಲುಗಿನಲ್ಲಿ ಆಪರೇಟಿಂಗ್ ಸಿಸ್ಟಂ ರೂಪಿಸಿದ 'ಸ್ವೇಚ್ಛಾ' ಸಂಘಟನೆಯ ಊರು ಹೈದರಾಬಾದ್. ಹೀಗಾಗಿ ಇಲ್ಲಿ ಲಿನಕ್ಸ್ ಹೊಸದೇನಲ್ಲ. ಆದರೆ ಹೊಸಬರು ಮೊದಲು ಎಡವುವುದು ವೈಫೈ ಬಳಿ. ನೆಟ್‌ವರ್ಕ್ ಕಾರ್ಡ್ ಕಾಣಿಸಲಿಲ್ಲವೆಂದು ಸಿಕಂದರಾಬಾದ್‌ನ ಸಿಟಿಸಿ ಮಾರುಕಟ್ಟೆಗೆ ಓಡಬೇಡಿ. ಹೆಚ್ಚಿನ ಸಲ ಕಾರ್ಡ್ ಕೆಟ್ಟಿರುವುದಿಲ್ಲ.

ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಇದ್ದರೆ ಕಾರ್ಡ್ ಜೀವಂತವಾಗಿದೆ ಎಂದರ್ಥ. ಪಕ್ಕದ ಸಂಕೇತ 8086 ಆಗಿದ್ದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇಲ್ಲದಿದ್ದರೆ ಕೊರತೆ ಡ್ರೈವರ್‌ನದ್ದು.

ಡ್ರೈವರ್ ಇದ್ದೂ ವೈಫೈ ಬರದಿದ್ದರೆ ಫರ್ಮ್‌ವೇರ್ ಮೇಲೆ ಅನುಮಾನಪಡಿ. 'ಸುಡೊ ಡಿಎಂಇಎಸ್‌ಜಿ' ಆದೇಶ ಕೊಟ್ಟರೆ ಯಾವ ಫೈಲ್ ಸಿಕ್ಕಿಲ್ಲ ಎಂಬುದು ಹೆಸರು ಸಹಿತ ಕಾಣುತ್ತದೆ. ಡೆಬಿಯನ್ ಬಹುಕಾಲ ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಜೊತೆಗೇ ಸಿಗುತ್ತದೆ. ಅಂದರೆ ಗೆಳೆಯರು ಕೊಟ್ಟ ಹಳೆಯ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿದ್ದರೆ ತಪ್ಪು ಲ್ಯಾಪ್‌ಟಾಪ್‌ನದ್ದಲ್ಲ!

ಹೆಚ್ಚು ಕಾಡುವುದು ಹಳೆಯ ಬ್ರಾಡ್‌ಕಾಮ್ ಚಿಪ್‌ಗಳು. ಇವುಗಳಲ್ಲಿ ಹಲವಕ್ಕೆ 'ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್' ಪ್ಯಾಕೇಜ್ ಬೇಕು. ಜೊತೆಗೆ ಚಾಲ್ತಿಯಲ್ಲಿರುವ ಕರ್ನಲ್‌ಗೆ ಹೊಂದುವ ಹೆಡರ್ ಫೈಲ್‌ಗಳೂ ಇರಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ನೆಟ್ ಬೇಕು ಎಂಬ ಇಕ್ಕಟ್ಟಿಗೆ ಆಂಡ್ರಾಯ್ಡ್ ಫೋನೇ ಪರಿಹಾರ. ಕೇಬಲ್ ಚುಚ್ಚಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ಸಾಕು.

'ಆರ್‌ಎಫ್‌ಕಿಲ್ ಲಿಸ್ಟ್' ಆದೇಶವನ್ನೂ ಒಮ್ಮೆ ಕೊಡಿ. ಹಾರ್ಡ್ ಬ್ಲಾಕ್ 'ಯೆಸ್' ಎಂದಿದ್ದರೆ ಲ್ಯಾಪ್‌ಟಾಪ್‌ನ ವೈಫೈ ಸ್ವಿಚ್ ಆಫ್ ಆಗಿದೆ, ಅಷ್ಟೇ. ವಿಂಡೋಸ್ ಕೂಡ ಇರುವ ಯಂತ್ರವಾದರೆ ಅಲ್ಲಿನ ಫಾಸ್ಟ್ ಸ್ಟಾರ್ಟಪ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ ನೋಡಿ.

ಮೊದಲ ಪಟ್ಟಿಯಲ್ಲೇ ಕಾರ್ಡ್ ಇಲ್ಲವಾದರೆ ಬಯೋಸ್‌ನಲ್ಲಿ ಆಫ್ ಆಗಿದೆಯೇ, ಸ್ಲಾಟ್‌ನಲ್ಲಿ ಸಡಿಲವಾಗಿದೆಯೇ ಪರೀಕ್ಷಿಸಿ. ಯುಎಸ್‌ಬಿ ಅಡಾಪ್ಟರ್‌ಗಳು ಇದರಲ್ಲಿ ಬರುವುದಿಲ್ಲ, ಅವಕ್ಕೆ 'ಎಲ್‌ಎಸ್‌ಯುಎಸ್‌ಬಿ' ಬಳಸಿ. ಇಷ್ಟಾದರೂ ಸುಳಿವಿಲ್ಲ ಎಂದರೆ ಹೊಸದನ್ನು ಕೊಳ್ಳಬಹುದು. ಆಗ ಡಬ್ಬಿಯ ಮೇಲಿನ ಬ್ರ್ಯಾಂಡ್ ನೋಡಬೇಡಿ, ಒಳಗಿನ ಚಿಪ್ ಯಾವುದೆಂದು ಕೇಳಿ. ಒಂದೇ ಮಾಡೆಲ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಚಿಪ್ ಇರುವುದುಂಟು.