ಸುಫ್ತಜಾ ಮತ್ತು ಏಲಕ್ಕಿಯ ಮುಂಗಡ

11ನೇ ಶತಮಾನದ ಬಗ್ದಾದಿನ ವರ್ತಕ ಹಣದ ಥೈಲಿ ಹೊತ್ತು ಮರುಭೂಮಿ ದಾಟಬೇಕಿರಲಿಲ್ಲ. ಊರಿನ ಸರಾಫನಿಗೆ ದೀನಾರು ಕೊಟ್ಟು 'ಸುಫ್ತಜಾ' ಎಂಬ ಪತ್ರ ಪಡೆದರೆ, ಹಳೆಯ ಕೈರೋದಲ್ಲಿ ಹಣ ಸಿಗುತ್ತಿತ್ತು. ನಮ್ಮ ಹುಂಡಿಯ ಹಾಗೆಯೇ ಎನ್ನಿ.

ಸಮುದ್ರದಾಚೆಗಿನ ಮಂಗಳೂರಿನ ಕಥೆ ಬೇರೆ. 12ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮೆಣಸು, ಕಬ್ಬಿಣ ಕಳಿಸಿದರೆ, ಏಡನ್ನಿನ ಪಾಲುದಾರರು ಚಿನ್ನದ ನಾಣ್ಯ, ಸರಕುಗಳನ್ನು ಹಡಗಿನಲ್ಲೇ ಕಳಿಸುತ್ತಿದ್ದರು. ಬರೆಯುವ ಕಾಗದವೂ ಅಲ್ಲಿಂದಲೇ ಬರುತ್ತಿತ್ತು! ಕೈರೋದಲ್ಲಿ ಉಳಿದ ಅವರ ಪತ್ರಗಳಲ್ಲಿ ಒಂದು ತಗಾದೆಯಿದೆ: ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯ ವ್ಯಾಪಾರಿ ಸರಕನ್ನೇ ಕೊಡಲಿಲ್ಲ.

ಬ್ಯಾಂಕಿನಲ್ಲಿ ಬರೀ ಮುಂಗಡ ರವಾನಿಸಿದರೆ ಇಂದಿಗೂ ಅದೇ ಅಪಾಯ. ಲೆಟರ್ ಆಫ್ ಕ್ರೆಡಿಟ್ ಇದ್ದರೆ ಮಾತ್ರ, ಸರಕು ಹಡಗು ಹತ್ತಿದ ದಾಖಲೆ ನೋಡಿದ ಮೇಲೆ ಬ್ಯಾಂಕು ಹಣ ಬಿಡುತ್ತದೆ. ಬೆನ್ ಯಿಜುವಿಗೆ ಅಂಥ ಮಧ್ಯಸ್ಥರಿರಲಿಲ್ಲ.