ಶ್ರೀನಾಗೇಶ್, ಸತ್ಯವಂತ ಮಲ್ಲಣ್ಣ (1903–1977)

ಭಾರತೀಯ ಸೈನ್ಯದ ಮೂರನೆಯ ಸ್ವದೇಶೀಯ ಮುಖ್ಯಸ್ಥರು. ತರುವಾಯ ಮೈಸೂರು ರಾಜ್ಯದ ರಾಜ್ಯಪಾಲರು. ಕೊಲ್ಹಾಪುರದಲ್ಲಿ ಜನಿಸಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಲ್ಲಿ ಶಿಕ್ಷಿತರಾಗಿ, ಭಾರತೀಯರಿಗೆ ಅಧಿಕಾರಿಪದವಿಯು ಅತಿವಿರಳವಾಗಿದ್ದ 1923ರಲ್ಲಿ ಬ್ರಿಟಿಷ್ ಚಕ್ರವರ್ತಿಯ ಸನ್ನದು ಪಡೆದ ಇವರು, ಎರಡನೆಯ ಮಹಾಯುದ್ಧದಲ್ಲಿ 19ನೆಯ ಹೈದರಾಬಾದ್ ರೆಜಿಮೆಂಟಿನ ಪಟಾಲಮೊಂದನ್ನು ಮುನ್ನಡೆಸಿ, 1955ರ ಮೇ ತಿಂಗಳಿನಿಂದ 1957ರ ಮೇ ತಿಂಗಳವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಬಳಿಕ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜಿನ ಪ್ರಾಂಶುಪಾಲರಾಗಿಯೂ, ಅಸ್ಸಾಂ ಮತ್ತು ಆಂಧ್ರಪ್ರದೇಶಗಳ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದರು.

1964ರ ಮೇ ತಿಂಗಳಲ್ಲಿ, ಮೈಸೂರಿನ ಕೊನೆಯ ಮಹಾರಾಜರೂ ಆ ರಾಜ್ಯದ ಮೊದಲ ರಾಜ್ಯಪಾಲರೂ ಆಗಿದ್ದ ಜಯಚಾಮರಾಜ ಒಡೆಯರು ತೆರವು ಮಾಡಿದ ರಾಜ್ಯಪಾಲಪೀಠವನ್ನು ಶ್ರೀನಾಗೇಶರು ಅಲಂಕರಿಸಿದರು. ರಾಜವಂಶದ ಯಾವ ಸಂಬಂಧವೂ ಇಲ್ಲದ ಯೋಧನೊಬ್ಬನು ಅರಸರ ಉತ್ತರಾಧಿಕಾರಿಯಾದುದು ಪ್ರಜಾಪ್ರಭುತ್ವದ ಇತಿಹಾಸದಲ್ಲಿ ನಿಶ್ಚಯವಾಗಿಯೂ ಸ್ಮರಣಾರ್ಹ ಸಂಗತಿ. ಅವರು ವಾಸವಾಗಿದ್ದ ಬೆಂಗಳೂರಿನ ರಾಜಭವನವೂ ಸೈನಿಕನೊಬ್ಬನ ನಿರ್ಮಿತಿಯೇ: ಕಮಿಷನರ್ ಮಾರ್ಕ್ ಕಬ್ಬನ್ ತನ್ನ ನಿವಾಸಕ್ಕೆಂದು ಕಟ್ಟಿಸಿದ ಭವನವದು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಆ ಅವಧಿಯಲ್ಲಿ, ಮಂತ್ರಿಮಂಡಲದ ಸಲಹೆಗೆ ಬದ್ಧವಾದ ಪದವಿಯ ಮಿತಿಯೊಳಗೇ ಇವರು ಒಂದು ವರ್ಷಕ್ಕೂ ಕಿರಿದಾದ ಕಾಲ ಕರ್ತವ್ಯ ನಿರ್ವಹಿಸಿದರು. 1965ರ ಏಪ್ರಿಲ್‌ನಲ್ಲಿ ವಿ. ವಿ. ಗಿರಿಯವರು ಇವರ ಸ್ಥಾನಕ್ಕೆ ಬಂದರು. ಶ್ರೀನಾಗೇಶರು 1977ರ ಡಿಸೆಂಬರಿನಲ್ಲಿ ನಿಧನ ಹೊಂದಿದರು.