ಹೊಸ ರಾಡ್ ಕೊಳ್ಳುವ ಮೊದಲು ಮುರಿದ ರಾಡನ್ನು ಓದುವುದು: ಹೆಬ್ರಿ–ಆಗುಂಬೆ ಸೀಮೆಯ ಎಂಜಿನ್‌ಗಳನ್ನು ಕುರಿತು ಒಂದು ಟಿಪ್ಪಣಿ

ರ‍್ಯಾಲಿಗೋ ಆಟೋಕ್ರಾಸ್‌ಗೋ ಎಂಜಿನ್ ಕಟ್ಟಿಸಲು ಹೊರಟವರು ಸಾಮಾನ್ಯವಾಗಿ ಕೇಳುವುದು ಯಾವ ಕಂಪನಿಯ ಕನೆಕ್ಟಿಂಗ್ ರಾಡ್ ಒಳ್ಳೆಯದು, ಐ-ಬೀಮ್ ಹಾಕಬೇಕೋ ಎಚ್-ಬೀಮ್ ಹಾಕಬೇಕೋ ಎಂದು. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಹಳೆಯ ರಾಡ್ ಯಾವ ಬಲಕ್ಕೆ ಸೋತಿತು ಎಂಬುದು ತಿಳಿಯದೆ ಹೊಸದನ್ನು ಆರಿಸಿದರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ. ಹೆಬ್ರಿ, ಕಾರ್ಕಳ, ಉಡುಪಿಯ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿನ ಮಳೆ, ಕರಾವಳಿಯ ತೇವ, ಘಟ್ಟದ ಇಳಿಜಾರು ಮೂರೂ ರಾಡಿನ ಆಯುಷ್ಯದಲ್ಲಿ ಪಾಲು ಪಡೆಯುತ್ತವೆ.

ಲೆಕ್ಕಕ್ಕೆ ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ನನ್ನು ತೆಗೆದುಕೊಂಡಿದ್ದೇನೆ. 1985ರಲ್ಲಿ 970 ಸಿಸಿ ಎಂಜಿನ್‌ನೊಡನೆ ಬಂದ ಜಿಪ್ಸಿಗೆ ಮುಂದೆ ಇದನ್ನು ಕೂರಿಸಲಾಯಿತು. ಮಲೆನಾಡಿನ ತೋಟದ ದಾರಿಯಿಂದ ರ‍್ಯಾಲಿಯ ಮಣ್ಣಿನ ಹಾದಿಯವರೆಗೆ ಇದು ಎಲ್ಲ ಕಡೆ ಓಡಿದೆ. ಎಸ್ಟೀಮ್‌ಗೂ ಇದೇ ಕುಟುಂಬದ ಎಂಜಿನ್. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ., ಒಟ್ಟು 1298 ಸಿಸಿ. ರಾಡಿನ ಉದ್ದ 120 ಮಿ.ಮೀ. ಎಂದೂ, ಪಿಸ್ಟನ್, ರಿಂಗ್, ಗಜನ್ ಪಿನ್ ಮತ್ತು ರಾಡಿನ ಮೇಲ್ತುದಿ ಸೇರಿ ಮೇಲೆ ಕೆಳಗೆ ಓಡಾಡುವ ತೂಕ ಅರ್ಧ ಕಿಲೋ ಎಂದೂ ಹಿಡಿಯೋಣ.

ನಿಮಿಷಕ್ಕೆ 6000 ಸುತ್ತಿನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಿ ಹಿಂತಿರುಗುವಾಗ ಅದರ ವೇಗೋತ್ಕರ್ಷ ಗುರುತ್ವದ ಸುಮಾರು 2000 ಪಟ್ಟು. ಆ ಅರ್ಧ ಕಿಲೋ ತೂಕ ರಾಡನ್ನು ಮೇಲಕ್ಕೆ ಎಳೆಯುವ ಬಲ ಸುಮಾರು 9.8 ಕಿಲೋನ್ಯೂಟನ್, ಅಂದರೆ ಒಂದು ಟನ್ ಭಾರ. ಇದು ಸುತ್ತಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. 7500ಕ್ಕೆ ಹೋದರೆ 15.3 ಕಿಲೋನ್ಯೂಟನ್, 8000ಕ್ಕೆ 17.4. ಸುತ್ತು ಮೂರನೇ ಒಂದು ಪಾಲು ಹೆಚ್ಚಿದರೆ ಎಳೆತ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. ದಹನದ ಒತ್ತಡದ ಕಥೆ ಬೇರೆ. 74 ಮಿ.ಮೀ. ಪಿಸ್ಟನ್ನಿನ ಮೇಲ್ಮೈ 43 ಚದರ ಸೆಂಟಿಮೀಟರ್. ಸಿಲಿಂಡರಿನೊಳಗೆ 60 ಬಾರ್ ಒತ್ತಡ ಎದ್ದರೆ ರಾಡನ್ನು ಕೆಳಕ್ಕೆ ಅದುಮುವ ಬಲ ಸುಮಾರು 26 ಕಿಲೋನ್ಯೂಟನ್. ಟರ್ಬೊ ಕೂರಿಸಿ ಅದನ್ನು 100 ಬಾರ್‌ಗೆ ಏರಿಸಿದರೆ 43.

ಅಂಕಿಯಲ್ಲಿ ಅದುಮುವ ಬಲವೇ ದೊಡ್ಡದು. ಆದರೂ ರಾಡ್ ಹೆಚ್ಚಾಗಿ ಪ್ರಾಣ ಬಿಡುವುದು ಎಳೆತಕ್ಕೆ. ಅದುಮುವ ಬಲವನ್ನು ರಾಡಿನ ಇಡೀ ದಂಡ ಹೊರುತ್ತದೆ. ಎಳೆತ ಮಾತ್ರ ಕೆಳಗಿನ ಕ್ಯಾಪನ್ನು ಹಿಡಿದಿರುವ ಎರಡು ಬೋಲ್ಟ್‌ಗಳ ಮೇಲೆ ಬಂದು ಬೀಳುತ್ತದೆ. ರಾಡಿನ ಕೆಳಭಾಗದ ತೂಕವೂ ಅದಕ್ಕೆ ಕೂಡುತ್ತದೆ. ಅಶ್ವಶಕ್ತಿ ಹೆಚ್ಚಿದ್ದರಿಂದಲೇ ರಾಡ್ ಮುರಿಯಿತು ಎಂಬ ಮಾತು ಟರ್ಬೊ ಎಂಜಿನ್‌ಗೆ ಒಪ್ಪಬಹುದು. ಟರ್ಬೊ ಇಲ್ಲದ ಜಿಪ್ಸಿಯಲ್ಲಿ ಸುತ್ತಿನ ಮುಳ್ಳು ಎಲ್ಲಿಯವರೆಗೆ ಹೋಗಿತ್ತು ಎಂದು ಮೊದಲು ವಿಚಾರಿಸಬೇಕು.

ಇಳಿಜಾರಿನ ಪಾತ್ರ ಇಲ್ಲೇ ಬರುತ್ತದೆ. ಆಕ್ಸಿಲರೇಟರ್ ಒತ್ತಿದ್ದಾಗ ಪ್ರತಿ ಎರಡನೇ ಸುತ್ತಿನಲ್ಲಿ ದಹನದ ಒತ್ತಡ ಎಳೆತವನ್ನು ಅಷ್ಟಿಷ್ಟು ತಗ್ಗಿಸುತ್ತದೆ. ಕಾಲು ತೆಗೆದು, ಎಂಜಿನ್ನನ್ನೇ ಬ್ರೇಕಾಗಿ ಬಳಸಿ ಇಳಿಯುವಾಗ ಆ ಆಸರೆ ಇಲ್ಲ. ಇನ್‌ಟೇಕಿನ ನಿರ್ವಾತವೂ ಪಿಸ್ಟನ್ನನ್ನು ಮೇಲಕ್ಕೇ ಸೆಳೆಯುತ್ತದೆ. ಹೆಚ್ಚು ಸುತ್ತಿನಲ್ಲಿ ಥ್ರಾಟಲ್ ಮುಚ್ಚಿದ ಆ ಕ್ಷಣವೇ ಬೋಲ್ಟಿಗೆ ಅತಿ ಕಷ್ಟದ್ದು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವುಗಳಲ್ಲಿ ಏರುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಸಂಸಾರವಂದಿಗರ ಕಾರು ಎರಡನೇ ಗೇರಿನಲ್ಲಿ ನಿಧಾನ ಇಳಿಯುವಾಗ ಸುತ್ತು ಕಡಿಮೆ, ಅವರು ಹೆದರಬೇಕಿಲ್ಲ. ಆ ರಸ್ತೆ ರೇಸಿಗೆ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆದರೆ ಮುಚ್ಚಿದ ರ‍್ಯಾಲಿ ಹಾದಿಯ ಇಳಿಜಾರಿನಲ್ಲಿ ನಾಲ್ಕರಿಂದ ಮೂರಕ್ಕೆ ತರುವ ಬದಲು ಗೇರ್ ತಪ್ಪಿ ಒಂದಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಕೆಂಪು ಗೆರೆ ದಾಟಿಸುತ್ತವೆ. ರೆವ್ ಲಿಮಿಟರ್ ಇಂಧನ ಅಥವಾ ಕಿಡಿಯನ್ನು ನಿಲ್ಲಿಸಬಲ್ಲದೇ ಹೊರತು ಚಕ್ರವನ್ನು ತಡೆಯಲಾರದು. ಎಳೆದು ಉದ್ದವಾದ ಬೋಲ್ಟ್ ಅಂದೇ ಮುರಿಯಬೇಕೆಂದೂ ಇಲ್ಲ. ಎಷ್ಟೋ ದಿನದ ಮೇಲೆ, ಸಾಧಾರಣ ವೇಗದಲ್ಲಿ ಹೋಗುತ್ತಿದ್ದಾಗ ಬ್ಲಾಕ್ ಒಡೆದು ರಾಡ್ ಹೊರಗೆ ಬರುತ್ತದೆ. ಆಗ ದೂರು ರಾಡ್ ಕಂಪನಿಯ ಮೇಲೆ ಬೀಳುತ್ತದೆ.

ಆದ್ದರಿಂದ ಬೋಲ್ಟನ್ನು ಮೊದಲು ಆರಿಸಬೇಕು. ಹೊರಗಿನ ಕಂಪನಿಗಳ ರಾಡ್‌ಗಳಲ್ಲಿ ಹೆಚ್ಚಾಗಿ ಬರುವುದು ಅಮೆರಿಕದ ಎಆರ್‌ಪಿ ಸಂಸ್ಥೆಯ ಬೋಲ್ಟ್‌ಗಳು. ಅದರ 8740 ಉಕ್ಕಿಗಿಂತ ಎಆರ್‌ಪಿ 2000 ಗಟ್ಟಿ, ಅದಕ್ಕಿಂತ ಎಲ್19 ಗಟ್ಟಿ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಅನಿಸಬಹುದು. ಉಡುಪಿ ಜಿಲ್ಲೆಯಲ್ಲಿ ಎಂಜಿನ್ ಕಟ್ಟುವವರಿಗೆ ಎಲ್19 ಬೇಡ ಎಂದೇ ನನ್ನ ತೀರ್ಪು. ಈ ಉಕ್ಕಿಗೆ ತೇವ ತಗುಲಿದರೆ ಹೈಡ್ರೋಜನ್ ಒಳಹೊಕ್ಕು ಅದು ಪೆಡಸಾಗಿ, ಒತ್ತಡದಲ್ಲಿರುವಾಗ ಸದ್ದಿಲ್ಲದೆ ಬಿರುಕು ಬಿಡುತ್ತದೆ. ಸದಾ ಎಣ್ಣೆಯಲ್ಲಿರಬೇಕು, ತೇವ ತಾಗಬಾರದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಮಲ್ಪೆಯಿಂದ ಉಪ್ಪುಗಾಳಿ ಬೀಸುವ, ಆಷಾಢದಲ್ಲಿ ಗೋಡೆಯೂ ಬೆವರುವ ಊರಿನಲ್ಲಿ ಬೆವರಿನ ಕೈಯಲ್ಲೇ ಬೋಲ್ಟ್ ಹಿಡಿಯುತ್ತೇವೆ. ಎಆರ್‌ಪಿ 2000 ಇಲ್ಲಿಗೆ ಸಾಕು.

ಬಿಗಿಯುವ ಕ್ರಮಕ್ಕೂ ಅಷ್ಟೇ ತೂಕ ಕೊಡಬೇಕು. ಟಾರ್ಕ್ ರೆಂಚ್ ತೋರಿಸುವ ಅಂಕಿಯಲ್ಲಿ ಬಹುಪಾಲು ಎಳೆಗಳ ಮತ್ತು ಬೋಲ್ಟಿನ ತಲೆಯ ಅಡಿಯ ಘರ್ಷಣೆಗೇ ಖರ್ಚಾಗುತ್ತದೆ. ಎಣ್ಣೆ ಬದಲಾದರೆ ಅದೇ ಅಂಕಿಗೆ ಬೇರೆ ಬಿಗಿ ಬರುತ್ತದೆ. ನಂಬಬಹುದಾದದ್ದು ಬೋಲ್ಟ್ ಎಷ್ಟು ಉದ್ದವಾಯಿತು ಎಂಬ ಅಳತೆ. ಇಂಥ ಬೋಲ್ಟ್‌ಗಳು ಸಾಮಾನ್ಯವಾಗಿ 0.13ರಿಂದ 0.15 ಮಿ.ಮೀ. ಹಿಗ್ಗುವಷ್ಟು ಬಿಗಿಯಬೇಕು; ನಿಖರ ಅಂಕಿಯನ್ನು ರಾಡಿನ ಜೊತೆ ಬರುವ ಚೀಟಿಯೇ ಹೇಳುತ್ತದೆ. ಹೊಸ ಬೋಲ್ಟಿನ ಉದ್ದವನ್ನು ಬಿಗಿಯುವ ಮೊದಲೇ ಅಳೆದು ಬರೆದಿಡಿ. ಮುಂದೆ ಬಿಚ್ಚಿದಾಗ ಅದು 0.025 ಮಿ.ಮೀ. ಹೆಚ್ಚಾಗಿದ್ದರೆ ಮತ್ತೆ ಬಳಸಬಾರದು.

ನೀರಿನಿಂದ ಆಗುವ ಹಾನಿಗೆ ಮಾತ್ರ ಬೋಲ್ಟೂ ಉತ್ತರವಲ್ಲ, ದುಬಾರಿ ರಾಡೂ ಉತ್ತರವಲ್ಲ. ಮಳೆಗಾಲದಲ್ಲಿ ತೋಡು ದಾಟುವಾಗ, ಸೀತಾನದಿ ಉಕ್ಕಿ ರಸ್ತೆಗೆ ಬಂದಾಗ, ಏರ್ ಫಿಲ್ಟರಿನ ಮೂಲಕ ಎಂಜಿನ್ ನೀರು ಕುಡಿಯುತ್ತದೆ. ಸಂಪೀಡನ ಅನುಪಾತ 9 ಎಂದು ಹಿಡಿದರೆ, ಪಿಸ್ಟನ್ ಮೇಲಿದ್ದಾಗ ಈ ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 41 ಸಿಸಿ, ಹೋಟೆಲಿನ ಸಣ್ಣ ಚಹಾ ಲೋಟದಲ್ಲಿ ಅರ್ಧದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಅದನ್ನು ಅದುಮಲಾಗದು. ರಾಡ್ ಬಾಗಲೇಬೇಕು, ಇಲ್ಲವೇ ಬೇರೆ ಏನಾದರೂ ಒಡೆಯಬೇಕು. ಕೆಲವೊಮ್ಮೆ ರಾಡ್ ಕಣ್ಣಿಗೆ ಕಾಣದಷ್ಟೇ ಬಾಗಿ, ಎಂಜಿನ್ ಮತ್ತೆ ಚಾಲೂ ಆಗಿ, ತಿಂಗಳುಗಟ್ಟಲೆ ಓಡಿ, ಆಮೇಲೆ ಮುರಿಯುವುದುಂಟು. ಗುರುತು ಹಿಡಿಯುವುದು ಕಷ್ಟವಲ್ಲ: ನಾಲ್ಕೂ ಪಿಸ್ಟನ್ನುಗಳನ್ನು ಒಂದೊಂದಾಗಿ ತುತ್ತತುದಿಗೆ ತಂದು, ಬ್ಲಾಕಿನ ಮೇಲ್ಮೈಯಿಂದ ಎಷ್ಟು ತಗ್ಗಿನಲ್ಲಿವೆ ಎಂದು ಡಯಲ್ ಗೇಜಿನಲ್ಲಿ ನೋಡಬೇಕು. ಒಂದು ಉಳಿದವಕ್ಕಿಂತ ಕೆಳಗೆ ನಿಂತರೆ ಆ ರಾಡ್ ಗಿಡ್ಡವಾಗಿದೆ, ಅಂದರೆ ಬಾಗಿದೆ. ನೀರು ಒಳಹೋಗದಂತೆ ತಡೆಯುವ ಮದ್ದು ಎತ್ತರದಲ್ಲಿ ಗಾಳಿ ಎಳೆಯುವ ಸ್ನಾರ್ಕೆಲ್.

ಬೀಮಿನ ಆಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫ್ರೆಡ್ ಕರಿಲ್ಲೊ ಅವರ ಹೆಸರಿನ ಎಚ್-ಬೀಮ್ ರಾಡ್‌ಗಳು ರೇಸಿನಲ್ಲಿ ಹೆಸರು ಮಾಡಿದವು. ಒಳ್ಳೆಯ ಐ-ಬೀಮ್‌ಗಳೂ ಅಷ್ಟೇ ಭಾರ ತಾಳುತ್ತವೆ. 4340 ಉಕ್ಕು ಸಾಕು. ನಮ್ಮ ಲೇತ್ ಅಂಗಡಿಗಳಿಗೆ ಪರಿಚಿತವಾದ ಇಎನ್24 ಅದಕ್ಕೆ ಹತ್ತಿರದ್ದೇ. ಹಾಗೆಂದು ಇಎನ್24 ಕಡ್ಡಿ ತಂದು ಊರಲ್ಲೇ ಕೊರೆದು ರಾಡ್ ಮಾಡಿಸಬೇಡಿ. ಫೋರ್ಜಿಂಗಿನಲ್ಲಿ ಉಕ್ಕಿನ ಎಳೆ ರಾಡಿನ ಉದ್ದಕ್ಕೆ ಹರಿಯುತ್ತದೆ, ಶಾಖೋಪಚಾರವೂ ಸರಿ ಆಗಿರಬೇಕು. ಟೈಟಾನಿಯಂ ಹಗುರ, ಆದರೆ ಒಂದು ಗೀರು ಬಿದ್ದರೂ ಅಲ್ಲಿಂದ ಬಿರುಕು ಶುರುವಾಗಬಹುದು. ನನ್ನ ಮಟ್ಟಿಗೆ ಬ್ರಾಂಡಿಗಿಂತ ಮುಖ್ಯವಾದದ್ದು ನಾಲ್ಕೂ ರಾಡ್‌ಗಳ ತೂಕ, ತುದಿತುದಿಗೆ ತೂಗಿದರೂ, ಒಂದೆರಡು ಗ್ರಾಂ ಒಳಗೆ ಹೊಂದುವುದು. ಪಿಸ್ಟನ್ ಹಗುರ ಮಾಡಿಸುವುದು ಇದಕ್ಕಿಂತಲೂ ಫಲ ಕೊಡುತ್ತದೆ. 50 ಗ್ರಾಂ ಇಳಿಸಿದರೆ, ಮೇಲಿನ ಲೆಕ್ಕದ ಪ್ರಕಾರ, ಎಳೆತದಲ್ಲಿ ಹತ್ತನೇ ಒಂದು ಪಾಲು ಕಡಿಮೆ.

ರಾಡ್ ಬದಲಿಸದಿರುವುದೇ ಸರಿಯಾದ ಸಂದರ್ಭಗಳೂ ಇವೆ. ಮಣಿಪಾಲದ ಎಂಐಟಿಯ ವಿದ್ಯಾರ್ಥಿಗಳ ಫಾರ್ಮುಲಾ ಮಣಿಪಾಲ್ ತಂಡ ಸ್ಪರ್ಧಿಸಿದ ಫಾರ್ಮುಲಾ ಸ್ಟೂಡೆಂಟ್ ಪಂದ್ಯಗಳಲ್ಲಿ ಪೆಟ್ರೋಲ್ ಎಂಜಿನ್‌ಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ರಂಧ್ರದಿಂದಲೇ ಸಾಗಬೇಕೆಂಬ ನಿಯಮವಿದೆ. ಆ ರಂಧ್ರದಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಹೋಗದು. ಸುತ್ತು ಏರಿಸಿ ಪ್ರಯೋಜನವಿಲ್ಲದ ಕಡೆ ಸುತ್ತಿಗೆಂದೇ ಮಾಡಿದ ರಾಡಿಗೆ ದುಡ್ಡು ಹಾಕುವುದು ದಂಡ. ಗ್ರೂಪ್ ಎನ್ ತರಹದ ಮೂಲಸ್ಥಿತಿಯ ವರ್ಗಗಳಲ್ಲಂತೂ ಕಂಪನಿಯ ರಾಡೇ ಇರಬೇಕು. ನಿಯಮಪುಸ್ತಕ ಓದದೆ ರಾಡ್ ತರಿಸಬಾರದು.

ಬೋರಿಂಗ್ ಅಂಗಡಿಗೆ ಕೊಡುವ ಮೊದಲು ಇನ್ನೊಂದು ವಿಷಯ ಗಮನಿಸಿ. ಈಚಿನ ಹಲವು ಕಾರುಗಳ ರಾಡಿನಲ್ಲಿ ಕ್ಯಾಪನ್ನು ಕತ್ತರಿಸಿರುವುದಿಲ್ಲ, ಬಿರಿಯುವಂತೆ ಒಡೆದಿರುತ್ತಾರೆ. ಎರಡೂ ಮುಖಗಳ ಒರಟು ಕಣಗಳು ಒಂದರೊಳಗೊಂದು ಕೂತೇ ಕ್ಯಾಪ್ ಸರಿಯಾದ ಜಾಗಕ್ಕೆ ಬರುವುದು. ಹಳೆ ಪದ್ಧತಿಯಂತೆ ಆ ಮುಖ ಉಜ್ಜಿ ಬಿಗ್ ಎಂಡ್ ಸರಿಪಡಿಸಲು ಹೋದರೆ ರಾಡ್ ಕೆಟ್ಟಂತೆಯೇ. ಬೇರಿಂಗಿನ ಸಂದು ಜರ್ನಲ್ ವ್ಯಾಸದ ಸಾವಿರದ ಒಂದು ಪಾಲು ಇರಲಿ ಎಂಬ ವಾಡಿಕೆಯ ಲೆಕ್ಕದಲ್ಲಿ 42 ಮಿ.ಮೀ. ಜರ್ನಲ್‌ಗೆ ಅದು 0.04 ಮಿ.ಮೀ. ಬಿಗ್ ಎಂಡಿನ ಒಂದೇ ಬದಿಗೆ ಅಗಲವಾದ ಚಾಂಫರ್ ಕೊಟ್ಟಿದ್ದರೆ ಅದು ಕ್ರಾಂಕಿನ ಮೂಲೆಯ ಕಡೆಗೇ ತಿರುಗಿರಬೇಕು. ತಿರುವುಮುರುವಾದರೆ ಬೇರಿಂಗಿನ ಅಂಚು ಆ ಮೂಲೆಗೆ ಉಜ್ಜಿ ಸುಡುತ್ತದೆ.

ಎಂಜಿನ್ ಇಳಿಸುವ ಮೆಕ್ಯಾನಿಕ್‌ಗಳಲ್ಲಿ, ಗಾಡಿಯ ಯಜಮಾನರಲ್ಲಿ ನನ್ನ ವಿನಂತಿ: ಮುರಿದ ರಾಡನ್ನು ನೇರ ಗುಜರಿಗೆ ಹಾಕಬೇಡಿ. ಮುರಿದ ಮುಖಗಳನ್ನು ಒಂದಕ್ಕೊಂದು ಹೊಂದಿಸಿ ನೋಡಬೇಡಿ, ಮರಳು ಕಾಗದದಿಂದ ಉಜ್ಜಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು, ತೆಳುವಾಗಿ ಎಣ್ಣೆ ಹಚ್ಚಿ, ಬೋಲ್ಟ್ ಮತ್ತು ಬೇರಿಂಗ್ ಶೆಲ್ ಸಮೇತ ಕಟ್ಟಿಡಿ. ಅಲೆ ಹಿಂದೆ ಸರಿದ ಮರಳಿನಂತೆ ಸಾಲುಗೆರೆಗಳು ಕಂಡರೆ ಅದು ದಿನಗಳೆದಂತೆ ಬೆಳೆದ ಬಿರುಕು. ಗೆರೆಗಳು ಹೊರಟ ಜಾಗದಲ್ಲಿ ತುಕ್ಕಿನ ಚುಕ್ಕೆ ಇದೆಯೇ ನೋಡಿ. ಬೋಲ್ಟ್ ನಡುವೆ ಸಣ್ಣಗಾಗಿ ತುಂಡಾಗಿದ್ದರೆ ಅದು ಎಳೆತ, ದಂಡ ಬಾಗಿದ್ದರೆ ಮೊದಲ ಅನುಮಾನ ನೀರಿನ ಮೇಲೆ. ಸಂದೇಹ ಉಳಿದರೆ ಮಣಿಪಾಲದಲ್ಲೂ ನಿಟ್ಟೆಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಮೆಕ್ಯಾನಿಕಲ್ ವಿಭಾಗದವರನ್ನು ಕೇಳಿ. ಹೊಸ ರಾಡಿನ ಆರ್ಡರ್ ಆಮೇಲೆ ಕೊಡಿ.